ತವರಿಗೆ ಬಂದ ಟಿಕೆಟ್

ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಫುಟ್‌ಬಾಲ್ ಕ್ರೀಡಾಂಗಣದ ಹೊರಗೋಡೆಯಲ್ಲಿ, ಕುಡಿಯುವ ನೀರಿನ ನಲ್ಲಿಗೂ ಸೈಕಲ್ ನಿಲ್ಲಿಸುವ ಕಂಬಿಗಳಿಗೂ ನಡುವೆ, ಪುಟ್ಟ ಕಿಟಕಿಯೊಂದರ ಷಟರ್ ಕಿರ್ರೆಂದು ಮೇಲೇಳುತ್ತದೆ. ಮೊದಲು ಹೊರಬರುವುದು ಒಂದು ಕೈ, ಕೈಯಲ್ಲೊಂದು ಒದ್ದೆ ಬಟ್ಟೆ. ಆ ಕೈ ಕಿಟಕಿಯ ಅಂಚನ್ನು ಉಜ್ಜಿ ಉಜ್ಜಿ ಒರೆಸುತ್ತದೆ. ಗಾಜು ಮಸುಕಾಗಿಯೇ ಇದೆ, ಅಂಚಿಗೆ ಮಾತ್ರ ಇಷ್ಟು ಉಪಚಾರ ಯಾಕೆ ಎಂದು ಕೇಳಿದರೆ ಒಳಗಿನಿಂದ ಉತ್ತರ ಬರುತ್ತದೆ: "ಜನ ಇಲ್ಲಿ ಗಲ್ಲ ಇಡ್ತಾರೆ ನೋಡಿ. ಮೊದಲೇ ಬೇಜಾರಲ್ಲಿ ಬಂದಿರ್ತಾರೆ, ಮೇಲಿಂದ ಧೂಳೂ ಮೆತ್ಕೊಂಡು ಹೋಗೋದಾ?"

ಈ ದನಿಯ ಒಡತಿಗೆ ಹೆತ್ತವರು ಇಟ್ಟ ಹೆಸರು ಈಗ ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಊರಿಗೆಲ್ಲಾ ಇವರು ವಾಪಸಕ್ಕ. ಟಿಕೆಟ್ ಕೊಂಡು, ಆಮೇಲೆ ಪಂದ್ಯಕ್ಕೆ ಬರಲಾಗದೆ ಹೋದವರು ಬಂದು ನಿಲ್ಲುವುದು ಇವರ ಮುಂದೆ. ದುಡ್ಡು ಬೇಕೆಂದವರಿಗೆ ದುಡ್ಡು, ಮುಂದಿನ ಪಂದ್ಯದ ಟಿಕೆಟ್ ಸಾಕೆಂದವರಿಗೆ ಅದು. ಹಾಗೆ ವಾಪಸ್ ಬಂದ ಟಿಕೆಟನ್ನು, ಎಲ್ಲೂ ಟಿಕೆಟ್ ಸಿಗದೆ ಸಪ್ಪೆ ಮೋರೆ ಹಾಕಿಕೊಂಡು ನಿಂತವರಿಗೆ ಅದೇ ಬೆಲೆಗೆ ಕೊಡುವುದೂ ಇವರೇ. ಅದಕ್ಕೇ ಕಿಟಕಿಯ ಎಡಕ್ಕೊಂದು ಸಾಲು, ಬಲಕ್ಕೊಂದು ಸಾಲು. ಎಡಗಡೆಯದು ಕೊಡುವ ಸಾಲು, ಬಲಗಡೆಯದು ಕಾಯುವ ಸಾಲು.

ಕಿಟಕಿಯೋ, ಸೊಂಟದ ಮಟ್ಟಕ್ಕಿದೆ. ಕಟ್ಟಿಸಿದವರು ಒಳಗೆ ಕೂರುವವರ ಎತ್ತರ ಅಳೆದಿದ್ದರೇ ಹೊರತು ಹೊರಗೆ ನಿಲ್ಲುವವರನ್ನು ನೆನೆಸಿಕೊಂಡಿರಲಿಲ್ಲ. "ಎಂಥಾ ದೊಡ್ಡ ಮನುಷ್ಯ ಬಂದ್ರೂ ನನ್ನ ಮುಂದೆ ತಲೆ ಬಗ್ಗಿಸಲೇಬೇಕು" ಎಂದು ವಾಪಸಕ್ಕ ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ, "ವಯಸ್ಸಾದೋರಿಗೆ ಕಷ್ಟ ಆಗತ್ತೆ. ನಾಲ್ಕು ಬೆರಳು ಮೇಲೆ ಮಾಡ್ಸಿ ಅಂತ ಕೇಳ್ತಾನೇ ಇದೀನಿ. ಮುಂದಿನ ಸೀಸನ್ನಿಗೆ ಅಂತಾರೆ. ಆ ಸೀಸನ್ನು ಮಾತ್ರ ಬರೋದೇ ಇಲ್ಲ" ಎನ್ನುತ್ತಾರೆ.

ಬಂದವರನ್ನೆಲ್ಲಾ ಇವರು ಕೇಳುವ ಮೊದಲ ಪ್ರಶ್ನೆ ಒಂದೇ: "ಎಲ್ಲಾ ಕ್ಷೇಮ ತಾನೆ?" ಹಾಗೆ ಕೇಳಬೇಕೆಂದು ಯಾವ ನಿಯಮವೂ ಇಲ್ಲ. ಆದರೆ ಟಿಕೆಟ್ ವಾಪಸ್ ಕೊಡುವವರ ಮನೆಯಲ್ಲಿ ಏನೋ ಆಗಿರುತ್ತದೆ ಎಂಬುದು ಇವರ ನಂಬಿಕೆ, ಬಹಳ ಸಲ ಆಗಿಯೂ ಇರುತ್ತದೆ. ಜ್ವರ, ಪರೀಕ್ಷೆ, ರಜೆ ಕೊಡದ ಮೇಲಧಿಕಾರಿ, ಕೈಕೊಟ್ಟ ಗಾಡಿ. "ಅತ್ತೆ ಬರ್ತಿದಾರೆ ಅಂತ ಟಿಕೆಟ್ ವಾಪಸ್ ಕೊಟ್ಟೋರೂ ಇದಾರೆ, ಅತ್ತೆ ಬರ್ತಿದಾರೆ, ಹೇಗಾದ್ರೂ ಒಂದು ಟಿಕೆಟ್ ಕೊಡಿ ಅಂತ ಕಾಲಿಗೆ ಬಿದ್ದೋರೂ ಇದಾರೆ." ಸಾಮಾನ್ಯ ದಿನಗಳಲ್ಲಿ ಎಂಬತ್ತು ತೊಂಬತ್ತು ಟಿಕೆಟ್ ವಾಪಸಾಗುತ್ತವೆ. ಬೆಳಗ್ಗೆ ಮೋಡ ಕಟ್ಟಿತೋ, ಇನ್ನೂರು ದಾಟುತ್ತದೆ. ಮಧ್ಯಾಹ್ನ ಬಿಸಿಲು ಬಂದರೆ ಕೊಟ್ಟವರಲ್ಲೇ ಅರ್ಧ ಜನ ಕಾಯುವ ಸಾಲಿಗೆ ಬಂದು ಹಲ್ಲು ಕಿರಿದು ನಿಲ್ಲುತ್ತಾರೆ.

ಈ ಕೆಲಸಕ್ಕೆ ವಾಪಸಕ್ಕನದೇ ಒಂದು ಭಾಷೆಯಿದೆ. ಟಿಕೆಟ್ ವಾಪಸ್ ಬಂದರೆ "ತವರಿಗೆ ಬಂತು" ಎನ್ನುತ್ತಾರೆ. ಅದೇ ಟಿಕೆಟ್ ಬೇರೆಯವರಿಗೆ ಹೋದರೆ "ಮತ್ತೆ ಒಂದು ಮನೆ ಸೇರ್ತು". ಯಾರೂ ಕೊಳ್ಳದೆ ಉಳಿದರೆ ಮಾತ್ರ ಇವರ ಮುಖ ಸಪ್ಪಗಾಗುತ್ತದೆ. ಹೊರಗೆ ಜನ ಕಾಯುತ್ತಿರುವಾಗ ಒಳಗೆ ಸೀಟು ಖಾಲಿ ಬಿದ್ದಿದೆ ಎಂದರೆ ಇವರಿಗೆ ಸಹಿಸಲಾಗದು. ಬರಲೂ ಬರದೆ, ಟಿಕೆಟ್ ವಾಪಸೂ ಕೊಡದೆ ಮನೆಯಲ್ಲಿ ಕೂತವರ ಮೇಲೆ ಇವರಿಗಿರುವ ಸಿಟ್ಟು ಎದುರಾಳಿ ತಂಡದ ಮೇಲೂ ಇಲ್ಲ.

ಒಟ್ಟಿಗೆ ಕೊಂಡ ಜೋಡಿ ಟಿಕೆಟನ್ನು ಬಿಡಿಸಬಾರದು ಎಂಬುದು ಇವರ ಇನ್ನೊಂದು ಪದ್ಧತಿ. ಅದರಿಂದಲೇ ಒಮ್ಮೆ ಫಜೀತಿಯಾಗಿತ್ತು. ಗಂಡನೊಬ್ಬ ಬಂದು, ಹೆಂಡತಿಯೊಡನೆ ಜಗಳವಾಗಿದೆ, ತನಗೆ ಮುಂದಿನ ಪಂದ್ಯಕ್ಕೆ ಬೇರೆ ಸೀಟು ಬೇಕೆಂದು ತನ್ನ ಟಿಕೆಟ್ ಬದಲಾಯಿಸಿಕೊಂಡ. ಸಂಜೆ ಹೆಂಡತಿಯೂ ಬಂದು ಅದನ್ನೇ ಕೇಳಿದಳು. ವಾಪಸಕ್ಕನ ಕೈ ಅಭ್ಯಾಸಬಲದಿಂದ ಇಬ್ಬರಿಗೂ ಅಕ್ಕಪಕ್ಕದ ಸೀಟು ಕೊಟ್ಟುಬಿಟ್ಟಿತು. ಪಂದ್ಯದ ದಿನ ವಿರಾಮದಲ್ಲಿ ಇಬ್ಬರೂ ಒಟ್ಟಿಗೆ ಬಂದು ಕಿಟಕಿಗೆ ಬಗ್ಗಿ, ಒಬ್ಬರ ಮಾತಿಗೆ ಒಬ್ಬರು ತಲೆಯಾಡಿಸುತ್ತಾ ಇವರನ್ನು ಹಿಗ್ಗಾಮುಗ್ಗಾ ಬೈದರು. "ಬೈಸ್ಕೊಂಡೆ, ಏನ್ ಮಾಡಲಿ. ಆದ್ರೆ ಅವರಿಬ್ರೂ ಒಂದೇ ಮಾತು ಆಡಿದ್ದು ಎಷ್ಟು ದಿನದ ಮೇಲೋ ಏನೋ! ಈಗ್ಲೂ ಜೋಡೀಲೇ ಬರ್ತಾರೆ. ನನ್ನ ಕಂಡ್ರೆ ಮಾತ್ರ ಮೂತಿ ತಿರುಗಿಸ್ತಾರೆ."

ಇಷ್ಟೆಲ್ಲಾ ಇದ್ದೂ ವಾಪಸಕ್ಕ ಇವತ್ತಿನವರೆಗೆ ಒಂದು ಪಂದ್ಯವನ್ನೂ ನೋಡಿಲ್ಲ! ಇವರ ಕುರ್ಚಿಗೆ ಮೈದಾನ ಬೆನ್ನ ಹಿಂದಿದೆ, ನಡುವೆ ಒಂದೂವರೆ ಅಡಿ ದಪ್ಪದ ಗೋಡೆ. ರೆಫರಿ ವಿಷಲ್ ಊದುವವರೆಗೆ ದುಡ್ಡು ವಾಪಸ್. ಆಮೇಲೆ ವಿರಾಮದವರೆಗೆ, ತಡವಾಗಿ ಓಡಿ ಬಂದವರಿಗೆ ಮುಂದಿನ ಪಂದ್ಯದ ಟಿಕೆಟ್ ಬದಲಾಯಿಸಿ ಕೊಡುವ ಕೆಲಸ. ಅದು ಮುಗಿಸಿ ಲೆಕ್ಕ ಒಪ್ಪಿಸುವ ಹೊತ್ತಿಗೆ ಜನ ಮನೆಗೆ ಹೊರಟಿರುತ್ತಾರೆ. "ಎಲೆಮರೆಯ ಕಾಯಿ ಅಂತ ನೀವು ಬರೀತೀರಲ್ಲ, ನಾನು ಗೋಡೆಮರೆಯ ಕಾಯಿ" ಎಂದು ಅದನ್ನೂ ತಮಾಷೆ ಮಾಡುತ್ತಾರೆ.

ಆದರೆ ಇವತ್ತಿನ ಮಾತೇ ಬೇರೆ. ಇವತ್ತು ಇವರ ಕೈಚೀಲದಲ್ಲಿ, ಕನ್ನಡಕದ ಡಬ್ಬಿಯೊಳಗೆ ಎರಡಾಗಿ ಮಡಿಸಿದ ಒಂದು ಟಿಕೆಟ್ ಇದೆ. ನೌಕರರಿಗೆ ಕೊಡುವ ಪಾಸಲ್ಲ, ಎಲ್ಲರಂತೆ ದುಡ್ಡು ಕೊಟ್ಟು ಕೊಂಡದ್ದು. ಸಂಜೆಯ ಪಂದ್ಯ ಮಹಿಳಾ ತಂಡದ್ದು. ತಂಡದ ಖಾಯಂ ಗೋಲ್‌ಕೀಪರ್ ಕೈ ಉಳುಕಿಸಿಕೊಂಡಿರುವುದರಿಂದ ಬದಲಿ ಹುಡುಗಿ ಮೊದಲ ಬಾರಿಗೆ ಗೋಲಿನ ಮುಂದೆ ನಿಲ್ಲುತ್ತಾಳೆ. ಆ ಹುಡುಗಿ ವಾಪಸಕ್ಕನ ಸ್ವಂತ ಅಕ್ಕನ ಮಗಳು.

ಅಕ್ಕ, ತಂಗಿ, ಈ ಹುಡುಗಿ, ಮೂವರೂ ಇರುವುದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಅಕ್ಕನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಪಾಳಿಯ ಕೆಲಸ. ಮಗು ತೊಟ್ಟಿಲಲ್ಲಿರುವಾಗಲೇ ಭಾವ ತೀರಿಕೊಂಡರು. ಅಕ್ಕ ಪಾಳಿಗೆ ಹೋದಾಗ ಮಗುವನ್ನು ಆಡಿಸುವ ಕೆಲಸ ತಂಗಿಯದಾಯಿತು. ಚೆಂಡಿಗೆ ದುಡ್ಡಿರಲಿಲ್ಲ. ಒಗೆದ ಕಾಲುಚೀಲಗಳನ್ನು ಒಂದರೊಳಗೊಂದು ತುರುಕಿ ಉಂಡೆ ಕಟ್ಟಿ ಇವರು ಎಸೆಯುವುದು, ಮಂಚದ ಮೇಲಿನಿಂದ ಮಗು ಹಾರಿ ಹಿಡಿಯುವುದು. "ಕಪಾಟಿನ ಗಾಜು ಒಡೀತು, ಗಡಿಯಾರ ಒಡೀತು, ಕೆಳಗಿನ ಅಂಗಡಿಯೋರು ಮೇಲೆ ಬಂದು ಜಗಳ ಆಡಿದ್ರು. ಇವಳು ಮಾತ್ರ ಬಿದ್ದ ಜಾಗದಿಂದ ಎದ್ದು, ಇನ್ನೊಂದು ಹಾಕು ಚಿಕ್ಕಮ್ಮ ಅನ್ನೋಳು." ತಮ್ಮ ಮದುವೆಯ ವಿಷಯ ಕೇಳಿದರೆ ವಾಪಸಕ್ಕ ಕೈ ಬೀಸಿ ಹಾರಿಸುತ್ತಾರೆ: "ಪ್ರತಿ ಸಲ ಅದು ನೆನಪಾಗೋ ಹೊತ್ತಿಗೆ ಸೀಸನ್ ಶುರುವಾಗಿರ್ತಿತ್ತು."

ಸಂಜೆಗೆ ಅಕ್ಕನದೂ ಇವರದೂ ಅಕ್ಕಪಕ್ಕದ ಸೀಟು. ಕಿಟಕಿಯಲ್ಲಿ ಕೂರಲು ಗೇಟಿನಲ್ಲಿ ಟಿಕೆಟ್ ಹರಿಯುವ ತಮ್ಮನನ್ನು ಒಪ್ಪಿಸಿ ಆಗಿದೆ. ರಕ್ತಸಂಬಂಧದ ತಮ್ಮನಲ್ಲ, ಜೊತೆಯಲ್ಲಿ ಕೆಲಸ ಮಾಡುತ್ತಾ ತಮ್ಮನಾದವನು. ಟಿಕೆಟ್ ಎಲ್ಲಾ ಖಾಲಿ. ಮಹಿಳಾ ತಂಡದ ಪಂದ್ಯಕ್ಕೆ ಹೀಗಾಗಿರುವುದು ಇದೇ ಮೊದಲು. ಕಾಯುವ ಸಾಲು ಬೆಳಗ್ಗೆಯೇ ನಲ್ಲಿಯನ್ನು ದಾಟಿದೆ. ವಾಪಸಕ್ಕ ಕೆಲಸದ ನಡುನಡುವೆ ಕೈಚೀಲ ಮುಟ್ಟಿ ನೋಡಿಕೊಳ್ಳುತ್ತಾರೆ.

ಮಧ್ಯಾಹ್ನ ಗೇಟಿನ ತಮ್ಮನ ಫೋನ್ ಬರುತ್ತದೆ.

"ಅಕ್ಕಾ! ನೋವು ಶುರುವಾಗೋಯ್ತು!"

"ಯಾರಿಗೋ?"

"ನನ್ ಹೆಂಡ್ತಿಗೆ! ಆಸ್ಪತ್ರೇಲಿದೀವಿ!"

"ನೋವು ಅವಳಿಗೆ ತಾನೆ, ನೀನ್ಯಾಕೋ ಹಾಗೆ ಕಿರುಚ್ತೀಯಾ? ಹೋಗು, ಅವಳ ಕೈ ಹಿಡ್ಕೊಂಡು ಕೂತ್ಕೋ. ಇಲ್ಲಿದು ನಾನು ನೋಡ್ಕೋತೀನಿ."

ಫೋನ್ ಇಟ್ಟ ಮೇಲೆ ವಾಪಸಕ್ಕ ಮತ್ತೊಮ್ಮೆ ಕೈಚೀಲ ಮುಟ್ಟಿ ನೋಡಿಕೊಳ್ಳುತ್ತಾರೆ. ಇಂಥ ಜನಜಂಗುಳಿಯ ದಿನ ಇನ್ನೊಬ್ಬರನ್ನು ಎಲ್ಲಿಂದ ತರುವುದು? ಮ್ಯಾನೇಜರ್ ಸಾಹೇಬರನ್ನು ಕೇಳಬಹುದು. ಆದರೆ ಪಂದ್ಯದ ದಿನ ರಜೆ ಎಂದು ಬಾಯಿಬಿಟ್ಟು ಕೇಳಿದವರೇ ಅಲ್ಲ ಇವರು. ಕೇಳಿ, ಅವರು ಆಗುವುದಿಲ್ಲ ಎಂದುಬಿಟ್ಟರೆ ಆ ಮಾತು ಎದೆಯಲ್ಲಿ ಉಳಿದುಬಿಡುತ್ತದೆ ಎಂಬ ಅಳುಕು. ಹೊರಗೆ ಕಾಯುವ ಸಾಲಿನಲ್ಲಿ, ಮೊಮ್ಮಗಳಿಗೆ ಮಾತು ಕೊಟ್ಟು ಅವಳನ್ನು ಕರೆತಂದಿರುವ ಅಜ್ಜ ಒಬ್ಬರು ಬೆಳಗಿನಿಂದ ಒಂದೇ ಕಾಲ ಮೇಲೆ ಭಾರ ಹಾಕಿ ನಿಂತಿದ್ದಾರೆ. ಮೊಮ್ಮಗಳ ಟಿಕೆಟ್ ಆಗಲೇ ಸಿಕ್ಕಿದೆ, ಒಂದು ಸರದಿಗೆ ಒಂದೇ ಟಿಕೆಟ್ ಆದ್ದರಿಂದ ತಮ್ಮದಕ್ಕೆ ಮತ್ತೆ ಸಾಲಿನ ಕೊನೆಗೆ ಬಂದಿದ್ದಾರೆ. ಬರಲಾಗದವರು ಟಿಕೆಟ್ ಇಟ್ಟುಕೊಂಡು ಕೂರಬಾರದು ಎಂದು ಊರಿಗೆಲ್ಲಾ ಹೇಳಿದ ಬಾಯಿ ಇದು.

ಆದರೆ ಇನ್ನೊಂದು ತೊಡಕಿದೆ. ಕಿಟಕಿಯಲ್ಲಿ ಕೂತವರು ತಮ್ಮ ಟಿಕೆಟನ್ನು ತಾವೇ ವಾಪಸ್ ತೆಗೆದುಕೊಳ್ಳುವ ಹಾಗಿಲ್ಲ. ಹಟ ಹಿಡಿದು ಈ ನಿಯಮ ಮಾಡಿಸಿದವರೂ ಇವರೇ! ವಾಪಸಕ್ಕ ಮ್ಯಾನೇಜರಿಗೆ ಫೋನ್ ಮಾಡಿ, "ಸಾರ್, ನಂದೊಂದು ಟಿಕೆಟ್ ವಾಪಸ್ ಮಾಡ್ಬೇಕು, ಒಂದೈದು ನಿಮಿಷ ಬಂದು ಕೂತ್ಕೋತೀರಾ?" ಎನ್ನುತ್ತಾರೆ. ಕೆಲಸದ ಗಡಿಬಿಡಿ ಮುಗಿಸಿ ಅವರು ಕಿಟಕಿಗೆ ಬರುವ ಹೊತ್ತಿಗೆ ತಂಡಗಳು ಮೈದಾನದಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿವೆ. ವಾಪಸಕ್ಕ ಎದ್ದು, ಬಾಗಿಲಿನಿಂದ ಹೊರಬಿದ್ದು, ಗೋಡೆ ಸುತ್ತಿ ಬಂದು ಕೊಡುವ ಸಾಲಿನ ಕೊನೆಯಲ್ಲಿ ನಿಲ್ಲುತ್ತಾರೆ.

ಸಾಲಿನವರಿಗೆ ದಿಗಿಲು. "ಅಕ್ಕ, ನೀವೇ ಇಲ್ಲಿ ಬಂದು ನಿಂತ್ರೆ ಒಳಗೆ ಯಾರು?"

"ಸಾಹೇಬ್ರು ಇದಾರೆ. ಹೆದರ್ಬೇಡಿ, ಕಚ್ಚಲ್ಲ."

ತಮ್ಮ ಸರದಿ ಬಂದಾಗ ವಾಪಸಕ್ಕ ಮೊದಲ ಬಾರಿಗೆ ತಮ್ಮ ಕಿಟಕಿಗೆ ತಾವೇ ಬಗ್ಗುತ್ತಾರೆ. ಸೊಂಟ ಚುರ್ರೆನ್ನುತ್ತದೆ. ಮ್ಯಾನೇಜರ್ ಟಿಕೆಟ್ ತೆಗೆದುಕೊಂಡು ಗುಂಡಿ ಒತ್ತುತ್ತಾರೆ, ದುಡ್ಡು ಎಣಿಸಿ ಕೊಡುತ್ತಾರೆ, ಟಿಕೆಟನ್ನು ಬಲಗಡೆ ಈಗ ಸರದಿ ಬಂದಿರುವ ಅಜ್ಜನ ಕೈಗಿಡುತ್ತಾರೆ. ಅಜ್ಜ ಮೊಮ್ಮಗಳ ಕೈ ಹಿಡಿದು ಗೇಟಿನತ್ತ ದಡಬಡ ಓಡುತ್ತಾರೆ. ಆಮೇಲೆ ಮ್ಯಾನೇಜರಿಗೆ ನೆನಪಾಗುತ್ತದೆ.

"ಅಂದಹಾಗೆ ಯಾಕಮ್ಮಾ ವಾಪಸ್ ಮಾಡಿದ್ರಿ? ಎಲ್ಲಾ ಕ್ಷೇಮ ತಾನೆ?"

ಬೇರೆ ಯಾರಾದರೂ ಕೇಳಿದ್ದರೆ ಏನೋ ಹೇಳಿ ಜಾರಿಕೊಳ್ಳುತ್ತಿದ್ದರು. ತಮ್ಮದೇ ಪ್ರಶ್ನೆ ತಮಗೇ ಬಂದಾಗ ವಾಪಸಕ್ಕನ ಕಟ್ಟೆಯೊಡೆಯುತ್ತದೆ. "ಗೋಲ್‌ಕೀಪರ್ ನಮ್ಮಕ್ಕನ ಮಗಳು ಸಾರ್. ನಾನೇ ಸಾಕಿದ್ದು. ಒಂದ್ಸಲ ನೋಡೋಣ ಅಂತಿದ್ದೆ. ಆದ್ರೆ ಹುಡುಗ ಬರ್ಲಿಲ್ಲ, ಕಿಟಕೀಲಿ ಯಾರೂ ಇಲ್ವಲ್ಲ."

ಮ್ಯಾನೇಜರ್ ತಮ್ಮ ಎಡಬಲ ನೋಡಿಕೊಳ್ಳುತ್ತಾರೆ. "ಯಾರೂ ಇಲ್ವಾ? ಮತ್ತೆ ನಾನು ಯಾರಮ್ಮಾ?"

ಸಾಲು ಹೋ ಎಂದು ನಗುತ್ತದೆ. "ಹೋಗ್ರೀ, ಹೋಗಿ ನೋಡ್ಕೊಂಡು ಬನ್ನಿ. ಮೊದ್ಲೇ ಹೇಳೋಕೇನಾಗಿತ್ತು ನಿಮಗೆ?" ಎನ್ನುತ್ತಾರೆ ಮ್ಯಾನೇಜರ್. ವಾಪಸಕ್ಕನ ಮುಖ ಅರಳುತ್ತದೆ, ಮರುಗಳಿಗೆ ಹಾಗೇ ಬಾಡುತ್ತದೆ. ಹೋಗುವುದು ಹೇಗೆ? ಟಿಕೆಟ್ ಅಜ್ಜನ ಕೈಸೇರಿ ಆಯಿತಲ್ಲ!

ಇನ್ನು ಉಳಿದದ್ದು ಒಂದೇ ದಾರಿ. ವಾಪಸಕ್ಕ ಕಾಯುವ ಸಾಲಿನ ಕೊನೆಗೆ ಹೋಗಿ ನಿಲ್ಲುತ್ತಾರೆ. ಬೆಳಗಿನ ಉದ್ದ ಸಾಲು ಕರಗಿ ಈಗ ಮುಂದೆ ಉಳಿದಿರುವುದು ಐದು ಜನ. "ಮುಂದೆ ಬನ್ನಿ ಅಕ್ಕ" ಎಂದು ಅವರು ಕರೆದರೆ ತಲೆ ಅಲ್ಲಾಡಿಸುತ್ತಾರೆ. "ಬೆಳಗ್ಗೆಯಿಂದ ನಿಮ್ಮನ್ನ ಸಾಲು, ಸಾಲು ಅಂತ ಗದರಿಸಿ ಈಗ ನಾನೇ ನುಗ್ಲಾ? ಸುಮ್ನಿರಿ." ಒಳಗೆ ಧ್ವನಿವರ್ಧಕದಲ್ಲಿ ಆಟಗಾರ್ತಿಯರ ಹೆಸರು ಕೂಗುತ್ತಿದ್ದಾರೆ. ಫೋನಿನಲ್ಲಿ ಅಕ್ಕ ರೇಗುತ್ತಿದ್ದಾರೆ: "ಎಲ್ಲೇ ಸತ್ತೆ? ನಿನ್ನ ಸೀಟಲ್ಲಿ ಯಾರೋ ಮುದುಕಪ್ಪ ಬಂದು ಕೂತಿದಾರೆ, ನಮ್ಮ ಹುಡುಗಿ ಹೆಸರು ನನಗಿಂತ ಜೋರಾಗಿ ಕೂಗ್ತಿದಾರೆ!"

ಆಗ ಹತ್ತಿರ ಬಂದು ನಿಲ್ಲುವವನು ಡಬಲ್. ಎರಡು ಪಟ್ಟು ರೇಟಿಗೆ ಬ್ಲಾಕಿನಲ್ಲಿ ಟಿಕೆಟ್ ಮಾರುವುದು ಇವನ ಕಸುಬು, ಹೆಸರೂ ಅದರಿಂದಲೇ ಬಂದದ್ದು. ಇವನಿಗೂ ವಾಪಸಕ್ಕನಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಕಿಟಕಿಯಲ್ಲಿ ಸರಿಯಾದ ಬೆಲೆಗೆ ಟಿಕೆಟ್ ಸಿಗುವಷ್ಟು ಕಾಲ ಇವನ ವ್ಯಾಪಾರ ಕುಂಟುತ್ತದೆ. ಅವನು ಆಚೀಚೆ ನೋಡಿ, ಜೇಬಿನಿಂದ ಒಂದು ಟಿಕೆಟ್ ತೆಗೆದು ವಾಪಸಕ್ಕನ ಕೈಗೆ ತುರುಕಲು ನೋಡುತ್ತಾನೆ. "ತಗೊಳ್ಳಿ ಅಕ್ಕ. ದುಡ್ಡೇನೂ ಬೇಡ."

"ಥೂ, ತೆಗಿಯೋ ಆಚೆ! ನಿನ್ನ ಟಿಕೆಟ್ ಹಿಡ್ಕೊಂಡು ಒಳಗೆ ಹೋದ್ರೆ ನಾಳೆ ಈ ಜನಕ್ಕೆ ಹೇಗೋ ಮುಖ ತೋರಿಸ್ಲಿ? ಕೊಡೋ ಮನಸ್ಸಿದ್ರೆ ಕಿಟಕೀಲಿ ಕೊಡು."

"ಕಿಟಕೀಲಿ ಕೊಟ್ರೆ ನಿಮಗೆಲ್ಲಿ ಸಿಗತ್ತೆ? ನಿಮ್ಮ ಮುಂದೆ ಐದು ಜನ ಇದಾರೆ."

"ಅದು ನನಗೂ ಕಾಣ್ಸತ್ತೆ."

ಡಬಲ್ ತಲೆ ಕೆರೆದುಕೊಳ್ಳುತ್ತಾನೆ. ಅವನ ಜೇಬಿನಲ್ಲಿ ಇನ್ನೂ ಐದು ಟಿಕೆಟ್ ಇವೆ. ಇಂಥ ದಿನ ಈ ಗಳಿಗೆಯಲ್ಲಿ ಮೂರು ಪಟ್ಟು ಕೇಳಿದರೂ ಕೊಡುವವರಿದ್ದಾರೆ. ಗೇಟಿನ ಕಡೆ ಒಮ್ಮೆ ನೋಡುತ್ತಾನೆ, ಸಾಲಿನ ಕಡೆ ಒಮ್ಮೆ ನೋಡುತ್ತಾನೆ. "ನಿಮ್ಮಿಂದ ನನಗೆ ಏನ್ ಕಮ್ಮಿ ಲುಕ್ಸಾನಾಗಿದ್ಯಾ ಅಕ್ಕ? ಇದೂ ಒಂದು ಸೇರ್ಕೊಳ್ಲಿ!" ಎಂದವನೇ ಕೊಡುವ ಸಾಲಿಗೆ ಹೋಗಿ, ಜೀವಮಾನದಲ್ಲಿ ಮೊದಲ ಸಲ ಆ ಕಿಟಕಿಗೆ ಬಗ್ಗುತ್ತಾನೆ. ಆರು ಟಿಕೆಟನ್ನೂ ಅಂಚಿನ ಮೇಲೆ ಇಡುತ್ತಾನೆ.

"ಕಾರಣ?" ಎನ್ನುತ್ತಾರೆ ಮ್ಯಾನೇಜರ್, ಅವನನ್ನು ಮೇಲಿಂದ ಕೆಳಗೆ ನೋಡುತ್ತಾ.

"ಬರೋಕಾಗಲ್ಲ ಸಾರ್. ಆರೂ ಜನಕ್ಕೂ ಜ್ವರ."

ಒಂದು, ಎರಡು, ಮೂರು. ಕಾಯುವ ಸಾಲು ಕರಗುತ್ತಾ ಬರುತ್ತದೆ. ಒಬ್ಬೊಬ್ಬರೂ ಟಿಕೆಟ್ ತೆಗೆದುಕೊಂಡು, ಹಿಂತಿರುಗಿ ವಾಪಸಕ್ಕನನ್ನು ನೋಡಿ ಓಡುತ್ತಾರೆ. ಆರನೆಯದು ಇವರ ಕೈಗೆ ಬರುತ್ತದೆ. ತಮ್ಮ ಟಿಕೆಟಿಗೆ ವಾಪಸ್ ಬಂದ ದುಡ್ಡಿನಲ್ಲೇ ಅದನ್ನು ಕೊಂಡು, ಸೆರಗು ಸೊಂಟಕ್ಕೆ ಸಿಗಿಸಿ, ವಾಪಸಕ್ಕ ಓಡುತ್ತಾರೆ. ಇವರು ಓಡುವುದನ್ನು ಯಾರೂ ಕಂಡಿರಲಿಲ್ಲ. ಡಬಲ್ ಹಿಂದಿನಿಂದ ಶಿಳ್ಳೆ ಹೊಡೆಯುತ್ತಾನೆ.

ಬ್ಲಾಕಿನವರು ಕೊಳ್ಳುವುದು ಅಗ್ಗದ ಸೀಟನ್ನೇ, ಅಂದರೆ ಗೋಲಿನ ಹಿಂದಿನದ್ದು. ವಾಪಸಕ್ಕ ಏದುಸಿರು ಬಿಡುತ್ತಾ ಕೂತು ತಲೆಯೆತ್ತಿದರೆ, ಬಲೆಯ ಆಚೆ, ಮಾತಾಡಿದರೆ ಕೇಳುವಷ್ಟು ಹತ್ತಿರ, ಹುಡುಗಿಯ ಬೆನ್ನು. ಕೈಗವಸು ಬಿಗಿ ಮಾಡಿಕೊಳ್ಳುತ್ತಿದ್ದಾಳೆ. ವಿಷಲ್ ಕೇಳಿಸುತ್ತದೆ. ವಾಪಸಕ್ಕನಿಗೆ ಮೊದಲು ಕೆಲವು ನಿಮಿಷ ಆಟವೇನೂ ಕಾಣುವುದಿಲ್ಲ. ಕಣ್ಣು ತುಂಬಿ ಎಲ್ಲಾ ಮಸುಕು ಮಸುಕು. ಪಕ್ಕದವರು ನೀರಿನ ಬಾಟಲಿ ಕೊಟ್ಟು, "ಮೊದಲ ಸಲಾನಾ?" ಎನ್ನುತ್ತಾರೆ.

ವಿರಾಮದ ಹೊತ್ತಿಗೆ ಹುಡುಗಿ ಎರಡು ಗೋಲು ಬಿಟ್ಟಿದ್ದಾಳೆ. ಒಂದು ಕಾಲಸಂದಿಯಲ್ಲೇ ನುಸುಳಿದೆ. ಆಮೇಲಿನ ಅರ್ಧದಲ್ಲಿ ಅವಳು ಆ ತುದಿಗೆ ಹೋಗುತ್ತಾಳೆ, ಅಲ್ಲಿ ಹಾರಿ ಹಾರಿ ಮೂರು ನಾಲ್ಕು ಚೆಂಡು ತಡೆಯುತ್ತಾಳೆ. ತಂಡ ಎರಡು ಗೋಲು ಹೊಡೆದು ಸಮ ಮಾಡುತ್ತದೆ. ಪಂದ್ಯ ಮುಗಿದಾಗ ವಾಪಸಕ್ಕನ ದನಿ ಬಿದ್ದುಹೋಗಿರುತ್ತದೆ.

ಕಿಟಕಿಗೆ ಮರಳಿದರೆ ಮ್ಯಾನೇಜರ್ ಕುತ್ತಿಗೆ ಉಜ್ಜಿಕೊಳ್ಳುತ್ತಾ ಎದ್ದು ನಿಂತಿದ್ದಾರೆ. ಒಬ್ಬರಿಗೆ ದುಡ್ಡು ಹೆಚ್ಚು ಕೊಟ್ಟಿದ್ದಾರಂತೆ, ಇಬ್ಬರಿಂದ ಬೈಸಿಕೊಂಡಿದ್ದಾರಂತೆ. "ಎಲ್ರೂ ಅವರವರ ಮನೆ ಕಥೆ ಹೇಳ್ತಾರಲ್ರೀ! ಹೇಗೆ ಕೂತ್ಕೋತೀರಿ ನೀವು ಇಲ್ಲಿ?" ಗೇಟಿನ ತಮ್ಮನಿಂದ ಸಂದೇಶ ಬಂದಿದೆ: ಹೆಣ್ಣು ಮಗು, ಇಬ್ಬರೂ ಕ್ಷೇಮ. ವಾಪಸಕ್ಕ ಕುರ್ಚಿಯಲ್ಲಿ ಕೂತು ಲೆಕ್ಕ ಹೊಂದಿಸತೊಡಗುತ್ತಾರೆ.

ಅಷ್ಟರಲ್ಲಿ ಕಿಟಕಿಯಲ್ಲಿ ಒಂದು ಮುಖ ಬಗ್ಗುತ್ತದೆ. ಒದ್ದೆ ಕೂದಲು, ಮೂಗಿನ ಮೇಲೆ ತರಚಿದ ಗಾಯ, ಹೆಗಲಲ್ಲಿ ಚೀಲ. ಮುಖ ಊದಿಕೊಂಡಿದೆ. ಹುಡುಗಿ ಅಂಚಿನ ಮೇಲೆ ಗಲ್ಲ ಊರುತ್ತಾಳೆ.

"ಬಂದಿದ್ಯಂತೆ. ಅಮ್ಮ ಹೇಳಿದ್ಲು."

"ಬಂದಿದ್ದೆ. ನಿನ್ನ ಬೆನ್ನ ಹಿಂದೇನೇ ಇದ್ದೆ."

"ಅಯ್ಯೋ ದೇವ್ರೇ. ಹಾಗಿದ್ರೆ ಆ ಎರಡೂ ನೋಡಿದ್ಯಾ?"

"ಎರಡೂ ನೋಡಿದೆ."

"ಆಚೆ ಕಡೆ ಹಿಡಿದಿದ್ದು?"

"ಅದು ದೂರ ಆಯ್ತು ಕಣೆ, ಸರಿಯಾಗಿ ಕಾಣ್ಲಿಲ್ಲ."

ಹುಡುಗಿಗೆ ಅಳುವೋ ನಗುವೋ ತಿಳಿಯದು. "ಥೂ, ಮೊದಲ್ನೇ ಸಲ ಬಂದು ಬರೀ ಬಿಟ್ಟಿದ್ದೇ ನೋಡ್ಕೊಂಡು ಹೋದ್ಯಲ್ಲ ಚಿಕ್ಕಮ್ಮ!"

ವಾಪಸಕ್ಕ ಪೆನ್ನು ಕೆಳಗಿಟ್ಟು, ಕಿಟಕಿಯಿಂದ ಕೈ ಹೊರಗೆ ಚಾಚಿ ಅವಳ ಒದ್ದೆ ಕೂದಲನ್ನು ಹಣೆಯಿಂದ ಹಿಂದೆ ಸರಿಸುತ್ತಾರೆ. ಕೂಗಿ ಕೂಗಿ ಒಡೆದ ದನಿಯಲ್ಲಿ ಹೇಳುತ್ತಾರೆ: "ನೀನು ಹಿಡಿದಿದ್ದನ್ನ ನಾಳೆ ಊರೆಲ್ಲಾ ನನಗೆ ಹೇಳತ್ತೆ ಕಣೆ. ಬಿಟ್ಟಾಗ ಹಿಂದೆ ಕೂತಿರೋಕೆ ಮನೆಯೋರೇ ಬೇಕು."